ಮಂಗಟ್ಟೆಗೂ ಒಂದು ಬ್ರೇಕು

ಪಕ್ಕದ ಮನೆಯ ಹುಡುಗಿ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ತನ್ನ ವಿರುದ್ಧ ತಾನೇ ಆಡುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಐದು ಕಾರ್ಡು ಬೋರಲು, ಕೆಳಗಿನ ಮೆಟ್ಟಿಲಲ್ಲಿ ಐದು ಕಾರ್ಡು ಬೋರಲು. ಮೇಲೆ ಕೂತಾಗ ಅವಳು ಒಬ್ಬಳು. ಎದ್ದು, ಓಢಣಿ ಸರಿಮಾಡಿಕೊಂಡು, ಕೆಳಗೆ ಕೂತಾಗ ಇನ್ನೊಬ್ಬಳು. ಕೆಳಗಿದ್ದಾಗ ಮೇಲಿನವಳ ಕಾರ್ಡುಗಳ ಕಡೆ ಕಣ್ಣು ಸಹ ಹಾಯಿಸುತ್ತಿರಲಿಲ್ಲ. ಈಗಷ್ಟೇ ನೋಡಿದ್ದನ್ನು ಯಾರಾದರೂ ಅಷ್ಟು ಬೇಗ ಮರೆಯಲು ಸಾಧ್ಯವೇ ಎಂದು ನನಗೆ ಅನುಮಾನ. ಆದರೆ ಅವಳ ಮುಖ ನೋಡಿದರೆ ನಿಜವಾಗಿಯೂ ಮರೆತಿದ್ದಾಳೆ ಅನಿಸುತ್ತಿತ್ತು. ನಾನು ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದೆ.

"ಒಂದ್ ನಿಮಿಷ ತಡೀರಿ ಆಂಟಿ," ಅಂದಳು. "ಕೆಳಗಿನಾಕಿ ಸೋಲಾಕತ್ತ್ಯಾಳ, ಪಾಪ."

ಅವಳ ಅಪ್ಪನ ಗ್ಯಾರೇಜು ಹಳಿಯಾಳ ರಸ್ತೆಯಲ್ಲಿದೆ. ಅಜ್ಜ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕಾಗದ ಕತ್ತರಿಸಿ ಕಟ್ಟು ಕಟ್ಟುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಾನು ಅವರನ್ನು ಚಾಚಾ ಅನ್ನುತ್ತೇನೆ, ಮಕ್ಕಳು ದಾದಾ ಅನ್ನುತ್ತಾರೆ. ನನ್ನ ಮಗಳಿಗೂ ಈ ಹುಡುಗಿಗೂ ಒಂದೇ ವಯಸ್ಸು, ಹದಿಮೂರು. ಶಾಲೆ ಬೇರೆ. ನನ್ನ ಮಗಳದು ಕಾನ್ವೆಂಟು, ಅವಳದು ಸರ್ಕಾರಿ ಶಾಲೆ. ಸಂಜೆ ಮಿಲ್ಲಿನ ಭೋಂಗಾ ಕೂಗಿ ಪಾಳಿ ಬಿಡುವ ಹೊತ್ತಿಗೆ ಇಬ್ಬರೂ ನಮ್ಮ ಹಿತ್ತಲಿನಲ್ಲಿ ಸೇರುತ್ತಾರೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಕಲ್ಲು ಬಿದ್ದಿದೆ. ಅದನ್ನು ಮತ್ತೆ ಕೂರಿಸಬೇಕು ಎಂದು ಇದುವರೆಗೆ ಯಾರಿಗೂ ಅನಿಸಿಲ್ಲ.

ಈ ಕಾರ್ಡಿನ ಆಟ ಮಗಳ ಕ್ಲಾಸಿನಿಂದ ನಮ್ಮ ಮನೆಗೆ ಬಂತು. ಮೊದಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ನೋಡುತ್ತ ನೋಡುತ್ತ ತಿಳಿಯಿತು. ಒಬ್ಬೊಬ್ಬರಿಗೂ ಮೂವತ್ತು ಕಾರ್ಡಿನ ಕಟ್ಟು, ಇಪ್ಪತ್ತು ಜೀವ. ಪ್ರತಿ ಸರದಿಗೆ ಕಟ್ಟಿನಿಂದ ಒಂದು ಕಾರ್ಡು ಎತ್ತಿಕೊಳ್ಳಬೇಕು. ಮೊದಲ ಸರದಿಗೆ ಒಂದು ದಮ್ಮು ಸಿಗುತ್ತದೆ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತ ಹೋಗುತ್ತದೆ. ಪ್ರತಿ ಕಾರ್ಡಿನ ಎಡ ಮೂಲೆಯಲ್ಲಿ ಅದನ್ನು ಇಳಿಸಲು ಎಷ್ಟು ದಮ್ಮು ಬೇಕು ಎಂದಿರುತ್ತದೆ, ಬಲ ಮೂಲೆಯಲ್ಲಿ ಅದರ ಜೋರು ಎಷ್ಟು ಎಂದಿರುತ್ತದೆ. ಇಳಿಸಿದ ಕಾರ್ಡು ಪ್ರತಿ ಸರದಿಗೂ ಎದುರಿನವರ ಮೇಲೆ ಏರಿ ಹೋಗುತ್ತದೆ. ಅವರು ತಮ್ಮದೊಂದು ಕಾರ್ಡನ್ನು ಅಡ್ಡ ಇಟ್ಟರೆ ಉಳಿದರು, ಇಲ್ಲವಾದರೆ ಅಷ್ಟು ಜೀವ ಹೋಯಿತು. ದಮ್ಮು, ಜೋರು ಎಂಬ ಮಾತುಗಳು ಈ ಹುಡುಗಿಯರವೇ. ಅಂಗಡಿಯ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬೇರೇನೋ ಇದೆ.

ಶನಿವಾರ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ನಾಲ್ಕೈದು ಹುಡುಗಿಯರು ಸೇರುತ್ತಿದ್ದರು. ಅವರಲ್ಲಿ ಒಬ್ಬಳು ಗೋವಾ ದಾರಿಯ ರಾಮನಗರದವಳು, ಇಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ಅವಳ ಅಪ್ಪ ವ್ಯಾಪಾರಕ್ಕೆ ಗೋವಾಕ್ಕೆ ಹೋದಾಗಲೆಲ್ಲ ಕಾರ್ಡಿನ ಪೊಟ್ಟಣ ತರುತ್ತಾರಂತೆ. ಬಿಸ್ಕತ್ತಿನ ತಗಡಿನ ಡಬ್ಬಿಯ ತುಂಬ ಕಾರ್ಡುಗಳು. ಆಟದ ಕಾನೂನೂ ಅವಳದೇ: ತನ್ನ ಸ್ವಂತ ಕಾರ್ಡಿನಲ್ಲೇ ಆಡಬೇಕು, ಏಕೆಂದರೆ ಆಟ ಮುಗಿದ ಮೇಲೆ ಅದಲುಬದಲು ನಡೆಯುತ್ತದೆ. ದಾಂಡೇಲಿಯ ಯಾವ ಅಂಗಡಿಯಲ್ಲೂ ಈ ಪೊಟ್ಟಣ ಸಿಗುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಹುಡುಗಿ ತಿಂಗಳುಗಟ್ಟಲೆ ಜಗುಲಿಯ ಅಂಚಿಗೆ ಕೂತು ಬರೀ ನೋಡಿದಳು. ಎಲ್ಲರ ಕಾರ್ಡೂ ಅವಳಿಗೆ ಬಾಯಿಪಾಠ. ಯಾರಾದರೂ ತಪ್ಪು ಆಡಿದರೆ ಅವಳ ಕಾಲಿನ ಹೆಬ್ಬೆರಳು ಅಲುಗುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ದಿನ ಕೇಳಿಯೇಬಿಟ್ಟಳು. "ಮನ್ಯಾಗ ಮಾಡಿದ ಕಾರ್ಡ್ ನಡೀತೈತೇನ?"

ಡಬ್ಬಿಯ ಹುಡುಗಿ ನಕ್ಕಳು. "ಅಗ, ಮನ್ಯಾಗ ಮಾಡಿದ್ರ ನೀ ಎಲ್ಲಾದಕ್ಕೂ ನೂರು ಜೋರು ಬರ್ಕೊಂಡು ಬರ್ತಿ. ಕೈಯಾಗ ಪೆನ್ ಐತಿ, ಯಾರ್ ಕೇಳೋರು?"

"ನೀನ ಕೇಳು. ಆಡಿ ನೋಡು."

ಡಬ್ಬಿಯ ಹುಡುಗಿ ತನ್ನ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ ಅವಳು ಇಟ್ಟ ಶರತ್ತು ಕೇಳಿ ಅಡುಗೆಮನೆಯಲ್ಲಿದ್ದ ನಾನೂ ಲಟ್ಟಣಿಗೆ ನಿಲ್ಲಿಸಿದೆ.

"ರಜಾ ಮುಗಿಯೂದ್ರಾಗ ಮೂರು ಆಟ ಆಡೂಣು. ನೀ ಮೂರೂ ಗೆದ್ದಿ ಅಂದ್ರ ನಿನ್ನ ಕಾರ್ಡ್ ಅತಿ ಜೋರು, ನಡಿಯಂಗಿಲ್ಲ. ಮೂರೂ ಸೋತಿ ಅಂದ್ರ ಕಾರ್ಡ್ ಕಸ, ನಡಿಯಂಗಿಲ್ಲ. ನಡುವ ಬಂದ್ರ ಬರೋಬರ್. ಆಡಾಕೂ ಬಾ, ಬದಲಿ ಮಾಡಾಕೂ ಬಾ."

ಗೆದ್ದರೂ ಸೋಲು! ಹದಿಮೂರರ ಹುಡುಗಿಗೆ ಇಂಥ ಶರತ್ತು ಹೊಳೆದದ್ದೇ ನನಗೆ ಆಶ್ಚರ್ಯ. ಪಕ್ಕದ ಮನೆಯ ಹುಡುಗಿ ಮಾತ್ರ, ಯಾರೋ ತನಗೆ ಸರಿಯಾದ ಅಳತೆಯ ಸ್ಪ್ಯಾನರ್ ಕೊಟ್ಟಹಾಗೆ ತಲೆ ಆಡಿಸಿದಳು.

ಕೆಲಸ ಶುರುವಾಯಿತು. ಚಿತ್ರ ಬರೆಯುವುದು ನನ್ನ ಮಗಳು. ದಮ್ಮು, ಜೋರು, ಕಟ್ಟಳೆ ಎಲ್ಲ ಆ ಹುಡುಗಿಯದು. ಅಕ್ಷರ ನನ್ನದು. ಸೂಜಿಯಂಥ ನಿಬ್ಬಿನಲ್ಲಿ ಅಂಚು ಬಿಟ್ಟು ಬರೆಯುವುದನ್ನು ನಮ್ಮ ಶಾಲೆಯ ಸಿಸ್ಟರ್ ಕಲಿಸಿದ್ದರು. ಆ ಅಕ್ಷರಕ್ಕೆ ಮದುವೆಯಾದ ಮೇಲೆ ಮಸಾಲೆ ಡಬ್ಬಿಯ ಚೀಟಿ ಬಿಟ್ಟರೆ ಬೇರೆ ಕೆಲಸ ಸಿಕ್ಕಿರಲಿಲ್ಲ.

ಏನೇನು ಕಾರ್ಡು ಮಾಡಬೇಕು ಎಂದಾಗ ಇಬ್ಬರೂ ಸುತ್ತಲಿನದನ್ನೇ ಹಿಡಿದರು. ಕಾಳಿ ಹೊಳೆಯ ಮೊಸಳೆ. ಹಳಿಯಾಳದ ಪೈಲವಾನ. ಜೋಯಿಡಾದ ಗೆಡ್ಡೆ: ನೆಲದಲ್ಲಿ ಇದ್ದಷ್ಟು ದಿನ ಅದರ ಜೋರು ಒಂದೊಂದೇ ಏರುತ್ತದೆ. ಮುಂಡಗೋಡದ ಟಿಬೆಟಿಯನ್ನರ ಕಡುಬು ಮೊಮೊ: ತಿಂದರೆ ಎರಡು ಜೀವ ಹೆಚ್ಚು. ರಾಮನಗರದ ಲಾರಿ: ಜೋರು ಏಳು, ಆದರೆ ಇಳಿಸಿದ ಕೂಡಲೇ ಓಡುವಂತಿಲ್ಲ, ಒಂದು ಸರದಿ ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕು. ನನ್ನ ತವರು ಪಾಳಾ. ಮಗಳು ನನಗಾಗಿ ಪಾಳಾದ ಗದ್ದೆಯನ್ನೂ ಒಂದು ಕಾರ್ಡು ಮಾಡಿದಳು. ಅದಕ್ಕೆ ಜೋರೇ ಇಲ್ಲ, ಸುಮ್ಮನೆ ಬಿದ್ದುಕೊಂಡು ಒಡತಿಗೆ ಒಂದು ದಮ್ಮು ಹೆಚ್ಚು ಕೊಡುತ್ತದೆ.

ಜಗಳ ಆದದ್ದು ಮಂಗಟ್ಟೆ ಹಕ್ಕಿಯ ಮೇಲೆ. ಮಗಳು ಎರಡು ದಿನ ಕೂತು ಅದರ ಹಳದಿ ಕೊಕ್ಕು ಬರೆದಿದ್ದಳು. ಅಷ್ಟು ಚೆಂದದ ಹಕ್ಕಿಗೆ ಜೋರು ಹನ್ನೆರಡು, ದಮ್ಮು ಮೂರು ಸಾಕು ಎಂದು ಅವಳ ಹಟ.

"ಹನ್ನೆರಡಾ? ಒಂಬತ್ತರ ಮ್ಯಾಲೆ ಹೋಗಂಗಿಲ್ಲ," ಅಂದಳು ಆ ಹುಡುಗಿ. "ಒಂಬತ್ತು ಕೊಟ್ರೂ ಏನರೆ ಬ್ರೇಕ್ ಬೇಕು."

"ಹಕ್ಕಿಗೆ ಯಾವ ಬ್ರೇಕ ಮಾರಾಯ್ತಿ! ಅದೇನು ನಿಮ್ಮಪ್ಪನ ಗ್ಯಾರೇಜಿಗೆ ಬಂದೈತೇನ?"

"ಗುಡ್ಡ ಇಳಿಯೂ ಲಾರಿಗೆ ಬ್ರೇಕ್ ಬ್ಯಾಡ ಅಂತಿ ಏನ? ಎಷ್ಟ್ ಜೋರು ಕೊಡ್ತಿ, ಅಷ್ಟ್ ಬ್ರೇಕ್ ಕೊಡಬೇಕು."

ಮಗಳು ಸಿಟ್ಟಿನಿಂದ ಬಣ್ಣದ ಪೆಟ್ಟಿಗೆ ಮುಚ್ಚಿ ಒಳಗೆ ಹೋದಳು. ಹುಡುಗಿ ಆ ಚಿತ್ರವನ್ನೇ ನೋಡುತ್ತ ಕೂತಳು. ನಾಲ್ಕು ಅವಲಕ್ಕಿ ಕಾಳು ತಟ್ಟೆಯಲ್ಲಿ ಉಳಿದಿದ್ದವು, ಅವನ್ನು ಒಂದೊಂದಾಗಿ ಬೆರಳಿಗೆ ಅಂಟಿಸಿಕೊಂಡು ತಿಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆಂಟಿ, ಸಾಲಿ ಟ್ರಿಪ್‌ನಾಗ ಫಾರೆಸ್ಟಿನವರು ಹೇಳಿದ್ರು. ಹೆಣ್ಣು ಮಂಗಟ್ಟೆ ಮರದ ಪೊಟರಿಯೊಳಗ ಕುಂತು ಬಾಗಿಲಾ ಮೆತ್ಕೊಂಡ್ ಬಿಡ್ತೈತಂತ. ಗಂಡು ದಿನಾ ಹಣ್ಣು ತಂದು ಕೊಡಬೇಕಂತ. ಕೊಡದಿದ್ರ?"

"ಕೊಡದಿದ್ರ ಉಪವಾಸನ," ಅಂದೆ.

"ಹಂಗಾರ ಇದಕ್ಕೂ ದಿನಾ ತುತ್ತು ಕೊಡಬೇಕು. ಇಳಿಸಿದ ಮ್ಯಾಲೆ ಪ್ರತಿ ಸರದಿಗೂ ಕೈಯಾಗಿನ ಒಂದು ಕಾರ್ಡ್ ಅದರ ಬಾಯಿಗೆ. ಕೊಡಲಿಲ್ಲೋ, ಹಾರಿ ಹೋತು."

ಒಳಗಿನಿಂದ ಮಗಳು ಬಾಗಿಲ ಸಂದಿಯಲ್ಲಿ ಮುಖ ಇಟ್ಟು ಕೇಳಿಸಿಕೊಳ್ಳುತ್ತಿದ್ದಳು. "ಹಂಗಾರ ಕಾರ್ಡಿನ ಮ್ಯಾಲೆ ಒಂದು ಅತ್ತಿಹಣ್ಣೂ ಬರೀತೇನಿ," ಅಂತ ಹೊರಗೆ ಬಂದಳು. ರಾಜಿ ಆಯಿತು.

ಆ ಕಟ್ಟಳೆಯನ್ನು ಕಾರ್ಡಿನ ಮೇಲೆ ಬರೆಯುವಾಗ ನನ್ನ ಕೈ ಸ್ವಲ್ಪ ನಿಂತಿತು. ಇಷ್ಟು ವರ್ಷ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ರೆಕ್ಕೆ ಬಡಿದುಕೊಂಡು ಹೋಗುವ ಹಕ್ಕಿ ಅದು. ನಾನು ಅದರ ಸದ್ದು ಕೇಳಿದ್ದೆ ಅಷ್ಟೇ. ಈ ಹುಡುಗಿ ಅದರ ಸಂಸಾರವನ್ನೇ ಲೆಕ್ಕಕ್ಕೆ ಹಿಡಿದಳು.

ಒಂದೊಂದು ಕಾರ್ಡನ್ನೂ ಅವಳು ಮೊದಲು ಹಳೆಯ ಕ್ಯಾಲೆಂಡರಿನ ಚೀಟಿಯಲ್ಲಿ ಬರೆದು ಮೆಟ್ಟಿಲ ಮೇಲೆ ಪರೀಕ್ಷೆ ಮಾಡಿದಳು. ಮೇಲಿನವಳು ಎಷ್ಟು ಸಲ ಗೆದ್ದಳು, ಕೆಳಗಿನವಳು ಎಷ್ಟು ಸಲ ಗೆದ್ದಳು ಎಂದು ಪುಸ್ತಕದಲ್ಲಿ ಗೀಟು. ಎಲ್ಲಕ್ಕಿಂತ ದೊಡ್ಡ ಕಾರ್ಡುಗಳು ಆರು, ಅವಕ್ಕೆ ಪರೀಕ್ಷೆಯೂ ಜಾಸ್ತಿ. ಹಾಗಾಗಿ ಅವು ಎಲ್ಲಕ್ಕಿಂತ ಕೊನೆಗೆ ಸಿದ್ಧವಾದವು. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನನ್ನ ತಪ್ಪು ಇಲ್ಲಿಗೇ ಬಂದು ಕೂಡಿಕೊಂಡಿತು.

ಕಾರ್ಡಿಗೆ ಬೇಕಾದ ರಟ್ಟು ಚಾಚಾ ಕೊಟ್ಟರು. ಅಲಮಾರಿನ ಹಿಂದೆ ಎಷ್ಟೋ ವರ್ಷದಿಂದ ನಿಂತಿದ್ದ ಒಂದು ದಪ್ಪ ಹಾಳೆ. ಒಂದೇ ಒಂದು. ಕತ್ತರಿಸುವುದು ನನ್ನ ಪಾಲಿಗೆ ಬಂತು. ಉದ್ದಕ್ಕೆ ಇಟ್ಟು ಕತ್ತರಿಸಿದರೆ ಇಪ್ಪತ್ತೇ ಕಾರ್ಡು, ಪಕ್ಕದಲ್ಲಿ ಒಂದು ಅಗಲ ಪಟ್ಟಿ ಸುಮ್ಮನೆ ಉಳಿಯುತ್ತಿತ್ತು. ರವಿಕೆಯ ತುಂಡಿನಲ್ಲಿ ತೋಳು ಹೊಂದಿಸಿ ರೂಢಿ ಇದ್ದವಳು ನಾನು. ಆ ಪಟ್ಟಿಯಲ್ಲಿ ಕಾರ್ಡನ್ನು ಅಡ್ಡಡ್ಡ ಇಟ್ಟೆ, ಸರಿಯಾಗಿ ಹತ್ತು ಬಂದವು. ಒಂದು ಬೆರಳಗಲ ರಟ್ಟೂ ಹಾಳಾಗಲಿಲ್ಲ. ಇಬ್ಬರೂ ಚಪ್ಪಾಳೆ ತಟ್ಟಿದರು, ನಾನೂ ಹಿಗ್ಗಿದೆ. ಮೈದಾ ಅಂಟು ಕುದಿಸಿ, ಚಿತ್ರ ಬರೆದ ತೆಳು ಕಾಗದಗಳನ್ನು ರಟ್ಟಿಗೆ ಅಂಟಿಸುತ್ತ ಬಂದೆವು. ಮೊದಲು ಉದ್ದ ಕತ್ತರಿಸಿದ ಇಪ್ಪತ್ತು ಮುಗಿದವು, ಕೊನೆಗೆ ಅಡ್ಡ ಕತ್ತರಿಸಿದ ಹತ್ತು.

ರಜೆಯ ಕೊನೆಯ ಶನಿವಾರಕ್ಕೆ ಆಟ ಗೊತ್ತಾಗಿತ್ತು. ಅದರ ಹಿಂದಿನ ಸಂಜೆ ಹುಡುಗಿ ಕಾರ್ಡಿನ ಕಟ್ಟನ್ನು ಅಜ್ಜನ ಕೈಗೆ ಕೊಟ್ಟಳು. ಚಾಚಾ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಕಟ್ಟಿನ ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿದರು, ಹುಬ್ಬು ಮೇಲೇರಿತು. ಮತ್ತೊಮ್ಮೆ ಹಾಯಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಕಾರ್ಡುಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಬಾಗಿಸಿ, ಎರಡು ರಾಶಿ ಮಾಡಿದರು. ಎಡಕ್ಕೆ ಇಪ್ಪತ್ತು, ಬಲಕ್ಕೆ ಹತ್ತು.

"ಈ ಹತ್ತು ಯಾರ್ ಕತ್ತರಿಸಿದ್ದು ಬೇಟಾ?"

"ನಾನ ಚಾಚಾ. ಯಾಕ?"

"ಅಡ್ಡ ಕತ್ತರಿಸೀರಿ." ಅವರ ದನಿಯಲ್ಲಿ ಬೈಗುಳವಿರಲಿಲ್ಲ. "ಬಟ್ಟಿಗೆ ಎಳಿ ಇರ್ತಾವಲ್ಲ, ಹಂಗ ಕಾಗದಕ್ಕೂ ಇರ್ತಾವ. ಮಶೀನ್ ಓಡೂ ಕಡೆ ಎಳಿ ಮಲಗ್ತಾವ. ಎಳಿ ಇದ್ದ ಕಡೆ ಒಂದ್ ನಮೂನಿ ಬಾಗ್ತೈತಿ, ಅಡ್ಡ ಇದ್ರ ಇನ್ನೊಂದ್ ನಮೂನಿ. ಮ್ಯಾಲೆ ನೀವು ಹಸಿ ಅಂಟು ಬ್ಯಾರೆ ಹಚ್ಚೀರಿ. ನೋಡ್ರಿ."

ನೋಡಿದೆ. ಇಪ್ಪತ್ತು ಕಾರ್ಡು ಮನೆಯ ಹಂಚಿನಂತೆ ಉದ್ದಕ್ಕೆ ಬಾಗಿದ್ದವು. ಹತ್ತು ಕಾರ್ಡು ತೊಟ್ಟಿಲಿನಂತೆ, ತಲೆ ಕಾಲು ಎತ್ತಿಕೊಂಡಿದ್ದವು. ಹುಡುಗಿ ಬಲಗಡೆಯ ಹತ್ತನ್ನು ತಿರುಗಿಸಿದಳು. ಮಂಗಟ್ಟೆ, ಮೊಸಳೆ, ಪೈಲವಾನ, ಲಾರಿ... ಆರು ದೊಡ್ಡ ಕಾರ್ಡುಗಳೂ ಅದರಲ್ಲೇ.

ಬೆನ್ನು ನೋಡಿದರೆ ಸಾಕು, ಯಾವುದು ದೊಡ್ಡದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಕಟ್ಟಿನಿಂದ ಮುಂದೆ ಯಾವುದು ಬರುತ್ತದೆ ಎಂದೂ ತಿಳಿಯುತ್ತಿತ್ತು. ಮುಖದ ಮೇಲೆ ಅಷ್ಟು ದಿನ ತೂಗಿ ತೂಗಿ ಬರೆದದ್ದೆಲ್ಲ ಬೆನ್ನಿನ ಮೇಲೆ ಕೆಟ್ಟಿತ್ತು. ಬೇರೆ ಊರಿನಲ್ಲಾಗಿದ್ದರೆ ಪರವಾಗಿಲ್ಲ, ಕಾಗದದ ಊರಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿ ನಾನು ಹೀಗೆ ಕತ್ತರಿಸಿದ್ದೆ. ಬಟ್ಟೆಯಲ್ಲಾಗಿದ್ದರೆ ಕಣ್ಣು ಮುಚ್ಚಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ.

"ತಪ್ಪು ನಂದವಾ," ಅಂದೆ. "ನಾಳೆ ಬ್ಯಾಡ ಅಂತ ಹೇಳೂಣು. ಬ್ಯಾರೆ ರಟ್ಟು ತರಸ್ತೇನಿ."

"ಸೋಮವಾರ ಸಾಲಿ ಶುರು ಆಂಟಿ. ಆಮ್ಯಾಲೆ ಆಕಿ ಆಡಂಗಿಲ್ಲ ಅಂತ ಹೇಳ್ಯಾಳ." ಹುಡುಗಿಯ ಕಣ್ಣು ತುಂಬಿದ್ದವು, ಆದರೆ ಕಾರ್ಡುಗಳಿಂದ ಕದಲಲಿಲ್ಲ.

ಮಗಳು, "ಯಾರಿಗೂ ಗೊತ್ತಾಗಂಗಿಲ್ಲ ಬಿಡ. ದಾದಾನ ಬೆರಳು ಎಲ್ಲಾರಿಗೂ ಇರ್ತಾವೇನ?" ಅಂದಳು.

"ನನಗ ಗೊತ್ತಾತಲ್ಲ." ಹುಡುಗಿ ಇಷ್ಟೇ ಹೇಳಿ ಕಟ್ಟನ್ನು ತೆಗೆದುಕೊಂಡು ಗೋಡೆಯ ಸಂದಿಯಿಂದ ಮನೆಗೆ ಹೋದಳು.

ಬೆಳಿಗ್ಗೆ ನಾನು ಹಾಲು ಕಾಯಿಸುವ ಹೊತ್ತಿಗೆ ಹಿತ್ತಲ ಬಾಗಿಲು ತಟ್ಟಿದಳು. ಕಣ್ಣು ಹೊಳೆಯುತ್ತಿದ್ದವು.

"ಆಂಟಿ, ಬಾಗೂದನ್ನ ತೆಗಿಯಾಕ ಆಗಂಗಿಲ್ಲ. ಆದ್ರ ಬಾಗೂದರಿಂದ ಏನೂ ತಿಳೀದಂಗ ಮಾಡಬಹುದಲ್ಲ? ದೊಡ್ಡವು ಆರು. ಇಪ್ಪತ್ತರಾಗ ನಾಕು ಇಡೂಣು, ಹತ್ತರಾಗ ಎರಡು. ಆವಾಗ ಎರಡೂ ಕಡೆ ಐದಕ್ಕ ಒಂದು. ಬೆನ್ನು ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ."

ನಾನು ಒಲೆ ಆರಿಸಿ ಅಲ್ಲೇ ನಿಂತೆ. ಇದು ಅರ್ಥವಾಗಲು ನನಗೆ ಎರಡು ನಿಮಿಷ ಬೇಕಾಯಿತು. ಕಾರ್ಡು ಕತ್ತರಿಸಿದವಳು ನಾನು, ತಪ್ಪಿಗೆ ತೇಪೆ ಹಾಕುವ ದಾರಿ ಹುಡುಕಿದವಳು ಅವಳು, ಅದೂ ಒಂದು ತುಂಡು ರಟ್ಟು ಹೊಸದಾಗಿ ಕೇಳದೆ.

ನಾಲ್ಕು ದೊಡ್ಡ ಚಿತ್ರಗಳನ್ನು ಅಡ್ಡ ರಟ್ಟಿನಿಂದ, ನಾಲ್ಕು ಸಣ್ಣ ಚಿತ್ರಗಳನ್ನು ಉದ್ದ ರಟ್ಟಿನಿಂದ ಬಿಡಿಸಿ ಅದಲುಬದಲು ಅಂಟಿಸಬೇಕಿತ್ತು. ಮೈದಾ ಅಂಟು, ಒದ್ದೆ ಬಟ್ಟೆ ಇಟ್ಟರೆ ಬಿಟ್ಟಿತು. ಪೈಲವಾನನ ಕಾಲೊಂದು ಹರಿಯಿತು, ಮಗಳು ಅವನಿಗೆ ಮಂಡಿಗೆ ಪಟ್ಟಿ ಕಟ್ಟಿದಂತೆ ತಿದ್ದಿದಳು. ಎಂಟೇ ಕಾರ್ಡು ಒದ್ದೆಯಾದರೆ ಅವೂ ಗುರುತು ಸಿಗುತ್ತವೆ ಎಂದು ಚಾಚಾ ಎಚ್ಚರಿಸಿದರು. ಹಾಗಾಗಿ ಮೂವತ್ತರ ಬೆನ್ನಿಗೂ ಒದ್ದೆ ಬಟ್ಟೆ ಮುಟ್ಟಿಸಿ, ಹಳೆಯ ಪತ್ರಿಕೆಗಳ ನಡುವೆ ಸೇರಿಸಿ, ಮೇಲೆ ನನ್ನ ಒಳಕಲ್ಲಿನ ಗುಂಡು ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಬಾಗು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ಡಬ್ಬಿಯ ಹುಡುಗಿ ಬಂದು ಚಾಪೆಯ ಮೇಲೆ ಕೂತ ಕೂಡಲೇ ಇವಳು ಮಾಡಿದ ಮೊದಲ ಕೆಲಸ ಕಟ್ಟನ್ನು ಅವಳ ಮುಂದೆ ಹರಡಿದ್ದು.

"ಮೊದಲ ಹೇಳಿಬಿಡ್ತೇನಿ. ಹತ್ತು ಕಾರ್ಡ್ ಬ್ಯಾರೆ ಕಡೆ ಬಾಗ್ತಾವ. ಅದರಾಗ ದೊಡ್ಡವೂ ಅದಾವ, ಸಣ್ಣವೂ ಅದಾವ. ನೋಡ್ಕೋ."

ಡಬ್ಬಿಯ ಹುಡುಗಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಮಂಗಟ್ಟೆಯ ಕಟ್ಟಳೆಯನ್ನು ಎರಡು ಸಲ ಓದಿದಳು. "ಬರೋಬರ್. ಚಾಲೂ ಮಾಡು," ಅಂದಳು.

ಮೊದಲ ಆಟದಲ್ಲಿ ಅವಳ ಕಣ್ಣೆಲ್ಲ ಬೆನ್ನುಗಳ ಮೇಲೆಯೇ. ತೊಟ್ಟಿಲಿನಂತೆ ಬಾಗಿದ ಕಾರ್ಡು ಇವಳ ಕೈಯಲ್ಲಿ ಕಂಡರೆ ಹೆದರಿ ಅಡ್ಡ ಇಡಲು ಕಾರ್ಡು ಕೂಡಿಡುತ್ತಿದ್ದಳು. ಅದು ಮೊಮೊ ಆಗಿರುತ್ತಿತ್ತು. "ಅಯ್ಯ, ಮತ್ತ ಮೊಮೊನ? ಅಂಗಡಿ ಇಟ್ಟೀ ಏನ ಗ?" ಎಂದು ಅವಳು ಕಿರುಚಿದಾಗ ಎಲ್ಲರೂ ನಕ್ಕರು. ಆ ಆಟ ನಮ್ಮ ಪಕ್ಕದ ಮನೆಯವಳು ಗೆದ್ದಳು. ಎರಡನೆಯ ಆಟದಲ್ಲಿ ಗೆಡ್ಡೆ ನೆಲದಲ್ಲಿ ಸುಮ್ಮನೆ ಬೆಳೆದು ಬೆಳೆದು ಕೊನೆಗೆ ಎದ್ದಿತು. ಅದನ್ನೂ ಗೆದ್ದಳು.

ಮಗಳು ಕುಣಿದಳು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಮೂರನೆಯದನ್ನೂ ಗೆದ್ದರೆ ಮುಗಿಯಿತು, ಕಾರ್ಡು ಅತಿ ಜೋರು, ನಡೆಯುವುದಿಲ್ಲ. ಮತ್ತೆ ಜಗುಲಿಯ ಅಂಚು. ಮಗಳಿಗೂ ಅದು ಹೊಳೆಯಿತು. ಕಟ್ಟು ಕಲೆಸುವ ನೆಪದಲ್ಲಿ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದಳು. "ಇದನ್ನ ಸೋತ್ ಬಿಡ. ಮುಗೀತಲ್ಲ."

"ಬೇಕಂತ ಸೋತ್ರ ಕಾರ್ಡ್ ಹೆಂಗ ಅದಾವ ಅಂತ ನನಗ ಗೊತ್ತಾಗಂಗಿಲ್ಲ," ಅಂದಳು ಅವಳು, ಎಲ್ಲರಿಗೂ ಕೇಳುವಂತೆ.

ಮೂರನೆಯ ಆಟವನ್ನು ಅವಳು ಆಡಿದ ರೀತಿ ನನ್ನ ಕಣ್ಣ ಮುಂದಿದೆ. ಬೆನ್ನು ನೆಟ್ಟಗೆ, ಒಂದು ಕೈ ಮಂಡಿಯ ಮೇಲೆ. ಒಂದು ಸರದಿಯನ್ನೂ ಸಡಿಲ ಬಿಡಲಿಲ್ಲ. ಎದುರಿನವಳ ಜೀವ ಎಂಟಕ್ಕೆ ಇಳಿದಾಗ ಮಂಗಟ್ಟೆ ಬಂತು, ಜೋರು ಒಂಬತ್ತು. ಇಳಿಸಿದಳು. ಒಂದು ಏಟು ತಾಗಿದರೆ ಆಟ ಮುಗಿಯುತ್ತಿತ್ತು. ಆದರೆ ಡಬ್ಬಿಯ ಹುಡುಗಿ ಕಟ್ಟಳೆಯನ್ನು ಎರಡು ಸಲ ಓದಿದ್ದು ಸುಮ್ಮನೆ ಅಲ್ಲ. ಪ್ರತಿ ಸರದಿಗೂ ಒಂದು ಸಣ್ಣ ಕಾರ್ಡನ್ನು ಹಕ್ಕಿಗೆ ಅಡ್ಡ ಇಟ್ಟು, ಇತ್ತ ತನ್ನ ದೊಡ್ಡವನ್ನು ಜೋಡಿಸತೊಡಗಿದಳು. ಇವಳು ಹಕ್ಕಿಗೆ ತುತ್ತು ಕೊಡುತ್ತ ಹೋದಳು. ಮೊದಲು ಗದ್ದೆ, ಆಮೇಲೆ ಮೊಮೊ, ಆಮೇಲೆ ಲಾರಿ. ಹೊಸದಾಗಿ ಎತ್ತಿದವು ಎದುರಿನ ಏಟಿಗೆ ಅಡ್ಡ ಹೋದವು, ಜೀವ ಎರಡಕ್ಕೆ ಇಳಿಯಿತು, ಕೈ ಖಾಲಿಯಾಯಿತು. ಮುಂದಿನ ಸರದಿಗೆ ಎತ್ತಿದ ಒಂದೇ ಕಾರ್ಡು ಮೊಸಳೆ. ಅದನ್ನು ಹಕ್ಕಿಗೆ ತಿನ್ನಿಸಬೇಕು, ಇಲ್ಲವೇ ಹಕ್ಕಿಯನ್ನು ಬಿಟ್ಟು ಮೊಸಳೆಯನ್ನು ಅಡ್ಡ ಇಡಬೇಕು.

ಬಹಳ ಹೊತ್ತು ನೋಡಿದಳು. ಆಮೇಲೆ ಮಂಗಟ್ಟೆಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು, "ಹಾರಿ ಹೋತು," ಅಂದಳು. ಮೊಸಳೆಯನ್ನು ಅಡ್ಡ ಇಟ್ಟಳು. ಎದುರಿನಿಂದ ಎರಡು ಕಾರ್ಡು ಒಟ್ಟಿಗೆ ಏರಿ ಬಂದವು. ಮೊಸಳೆ ಒಂದನ್ನು ತಡೆಯಿತು. ಇನ್ನೊಂದು ಇವಳ ಕೊನೆಯ ಎರಡು ಜೀವ ತೆಗೆದುಕೊಂಡಿತು.

ಡಬ್ಬಿಯ ಹುಡುಗಿ ಮಂಗಟ್ಟೆಯ ಕಾರ್ಡನ್ನು ಎತ್ತಿ ಅತ್ತಿಹಣ್ಣಿನ ಚಿತ್ರದ ಮೇಲೆ ಬೆರಳಾಡಿಸಿದಳು.

"ಈ ಬ್ರೇಕ್ ಹಾಕಿದ್ದು ಯಾರು?"

"ನಾನ."

"ನಿನ್ನ ಬ್ರೇಕಿಗೆ ನೀನ ಬಿದ್ದಿ ನೋಡು," ಎಂದು ಅವಳು ನಕ್ಕಳು. ನಮ್ಮವಳೂ ನಕ್ಕಳು, ಗೆದ್ದಾಗ ನಗದಿದ್ದವಳು. ಡಬ್ಬಿಯ ಮುಚ್ಚಳ ತೆರೆಯಿತು. "ಮಂಗಟ್ಟೆ ಬ್ಯಾಡ, ಅದು ಭಾಳ ತಿಂತೈತಿ. ನನಗ ನಮ್ಮೂರ ಲಾರಿ ಬೇಕು. ಏನ್ ತಗೋತಿ, ಹೇಳು."

ಆಯ್ಕೆ ಮಾಡಲು ನಮ್ಮವಳಿಗೆ ಹದಿನೈದು ನಿಮಿಷ ಹಿಡಿಯಿತು. ಕೊನೆಗೆ ನೀಲಿ ಹೊಳಪಿನ ಒಂದು ಕಾರ್ಡು ತೆಗೆದುಕೊಂಡಳು. ಅದು ಅವಳ ಮೊದಲ ಅಂಗಡಿಯ ಕಾರ್ಡು. ಮಗಳು ಚಿತ್ರ ನೋಡಲು ಮೈಮೇಲೆ ಬಿದ್ದಳು. ಹುಡುಗಿ ಚಿತ್ರ ನೋಡಲಿಲ್ಲ. ಅಜ್ಜನ ಹಾಗೆ ಕಣ್ಣು ಮುಚ್ಚಿಕೊಂಡು, ಕಾರ್ಡನ್ನು ಎರಡು ಬೆರಳ ನಡುವೆ ಹಿಡಿದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮೆಲ್ಲಗೆ ಬಾಗಿಸಿ ನೋಡಿದಳು.